ಪದಚರ್ಚೆ: ‘ಅವಕಾಶವಾದಿ ಸೋಂಕು’ ಬೇಡ, ಬೇರೆ ಏನು?

ಗೆಳೆಯರೇ,

ಕಿಡ್ನಿ ಕಸಿ ಆದವರು ಮನೆಗೆ ಹೊರಡುವಾಗ ಕೈಗೆ ಕೊಡುವ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಆಪರ್ಚುನಿಸ್ಟಿಕ್ ಇನ್‌ಫೆಕ್ಷನ್’ ಅನ್ನುವಲ್ಲಿ ಗಾಡಿ ನಿಂತಿದೆ. ಮೈಯ ರೋಗ ತಡೆಯುವ ಶಕ್ತಿ ತಗ್ಗಿದಾಗ ಮೇಲೇಳುವ ಸೋಂಕು ಅದು. ಸುಮ್ನೆ ‘ಅವಕಾಶವಾದಿ ಸೋಂಕು’ ಅಂತ ಬರೆದು, ಜಯನಗರದ ನಮ್ಮ ಸೋದರಮಾವನಿಗೆ ಓದಲು ಕೊಟ್ಟೆ. ಅವರಿಗೂ ಕಸಿ ಆಗಿದೆ. “ಏನಯ್ಯಾ, ಇದೂ ಪಕ್ಷ ಬದಲಾಯಿಸುತ್ತಾ?” ಅಂದರು.

ಅವರಿಗೆ ವಿಷಯ ಗೊತ್ತಿಲ್ಲ ಅಂತಲ್ಲ. ಹೋದ ವರ್ಷ ಅನುಭವಿಸಿದ್ದಾರೆ. ಅಂಗುಳಿನ ಮೇಲೆ ಒಡೆದ ಮೊಸರಿನ ಚೂರಿನಂಥ ಬಿಳಿ ಕಲೆ. ಒರೆಸಿದರೆ ಅಡಿಯಲ್ಲಿ ಕೆಂಪು. ತಿಳಿಸಾರು ನುಂಗಿದರೂ ಗಂಟಲು ಉರಿ. ಕ್ಯಾಂಡಿಡಾ ಅಂತ, ಬೂಷ್ಟಿನ ಜಾತಿಯದು. ಗಟ್ಟಿಮುಟ್ಟಾದ ಎಷ್ಟೋ ಜನರ ಬಾಯಲ್ಲೂ ಅದು ತೆಪ್ಪಗೆ ಇರುತ್ತದೆ. ಕಸಿ ಆದವರ ಮೈ ಹೊಸ ಕಿಡ್ನಿಯ ಮೇಲೆ ತಿರುಗಿಬೀಳದಿರಲಿ ಅಂತ ಟ್ಯಾಕ್ರೊಲಿಮಸ್, ಪ್ರೆಡ್ನಿಸೊಲೋನ್ ತರದ ಮಾತ್ರೆ ಕೊಟ್ಟು ಮೈಯ ಕಾವಲನ್ನೇ ತಗ್ಗಿಸಿರುತ್ತಾರೆ. ಕಾವಲುಗಾರ ತೂಕಡಿಸಿದ, ದನ ಹೊಲಕ್ಕೆ ನುಗ್ಗಿತು.

‘ಅವಕಾಶವಾದಿ’ ನಮ್ಮಲ್ಲಿ ಬೈಗುಳ. ‘ಸಮಯಸಾಧಕ’ವೂ ಅದೇ ಜಾತಿ. ‘ಹೊಂಚುಸೋಂಕು’ ನನಗೆ ಇಷ್ಟ. ಸೈಟೊಮೆಗಲೋ ವೈರಸ್‌ಗಂತೂ ಚೆನ್ನಾಗಿ ಒಪ್ಪುತ್ತದೆ, ಅದು ವರ್ಷಗಟ್ಟಲೆ ಮೈಯಲ್ಲೇ ಮಲಗಿದ್ದು ಕಾವಲು ತಗ್ಗಿದಾಗ ಏಳುತ್ತದೆ. ಆದರೆ ಹೊಂಚು ಅಂದರೆ ಹಗೆ. ಓದಿದವರು ಹೆದರುತ್ತಾರೆ, ಅಲ್ವಾ? ಮಾವ ಕೊಟ್ಟ ಪದ ‘ಸಿಕ್ಕಿದ್ದೇ ಸೀರುಂಡೆ ಸೋಂಕು’. ಅಚ್ಚಿಗೆ ಹೋಗುವಂಥದ್ದಲ್ಲ, ಆದರೂ ಅರ್ಥವನ್ನು ಇದರಷ್ಟು ಯಾವುದೂ ಹಿಡಿದಿಲ್ಲ. ‘ಕಸಿ’ ಅನ್ನುವ ಮಾತು ಮಾವಿನ ಗಿಡದಿಂದ ಕಿಡ್ನಿಗೆ ಎಷ್ಟು ಸಲೀಸಾಗಿ ಬಂತು ನೋಡಿ. ಅಂಥದ್ದೊಂದು ಬೇಕು.

ಇನ್ನೊಂದು ತೊಡಕು ಆ ಬಿಳಿ ಕಲೆಯ ಹೆಸರು. ‘ಬಾಯಿಹುಣ್ಣು’ ಅಂದರೆ ಬಿ-ಕಾಂಪ್ಲೆಕ್ಸ್ ನುಂಗಿ ಸುಮ್ಮನಾಗುತ್ತಾರೆ. ‘ಗಂಟಲುನೋವು’ ಅಂದರೆ ಉಪ್ಪುನೀರು ಮುಕ್ಕಳಿಸುತ್ತಾರೆ. ‘ಫಂಗಸ್’ ಅಂತ ಬರೆದರೆ ಮೆಡಿಕಲ್ ಶಾಪಿಗೆ ಹೋಗಿ ತಾವೇ ಫ್ಲುಕೊನಜೋಲ್ ಕೇಳಿ ತರುವವರೂ ಇದ್ದಾರೆ. ಆ ಮಾತ್ರೆ ರಕ್ತದಲ್ಲಿ ಟ್ಯಾಕ್ರೊಲಿಮಸ್ ಜಾಸ್ತಿ ಮಾಡುತ್ತದೆ, ಕಡೆಗೆ ಪೆಟ್ಟು ಬೀಳುವುದು ಆ ಹೊಸ ಕಿಡ್ನಿಗೇ. ಡಾಕ್ಟರು ಕೊಡುವಾಗ ರಕ್ತ ಪರೀಕ್ಷೆ ಮಾಡಿಸಿ, ಎರಡರ ಅಳತೆಯನ್ನೂ ನೋಡಿಕೊಂಡು ಕೊಡುತ್ತಾರೆ.

ಕೂಸಿನ ನಾಲಿಗೆ ಬೆಳ್ಳಗಾದರೆ ನಮ್ಮಜ್ಜಿ ‘ಅಗ್ರ ಕಟ್ಟಿದೆ’ ಅನ್ನುತ್ತಿದ್ದರು. ಕರಪತ್ರಕ್ಕೆ ಅದನ್ನೇ ಹಾಕುವ ಮನಸ್ಸಿದೆ. ನಿಮ್ಮ ಕಡೆ ಅಗ್ರ ಅಂದರೆ ಜ್ವರ ಬಂದಾಗ ನಾಲಿಗೆ ಮೇಲೆ ಕೂರುವ ಬಿಳುಪು ಮಾತ್ರವಾ, ಅಂಗುಳು ಗಂಟಲಿನದಕ್ಕೂ ಹಾಗೇ ಹೇಳುತ್ತಾರಾ?