ಮಡಚುವ ಚಾಕುವಿನ ಬಿಗಿ ಲಾಕ್: ಮೊದಲು ಗುಣವಾಗಿದ್ದದ್ದು ಈಗ ದೋಷವಾಯಿತೇ?

ಹೊಸ_ಅಲಗು:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ಬ್ಯಾಕ್ ಲಾಕ್ (ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯುವ, ಹಿಡಿಯ ಬೆನ್ನಲ್ಲಿ ಒತ್ತಿ ಬಿಚ್ಚುವ ಲಾಕ್) ಇರುವ ಹೊಸ ಮಡಚುವ ಚಾಕು. ಅಲಗು 10 ಸೆಂ.ಮೀ., ಲಾಕ್ ಒತ್ತುವ ತಗ್ಗು ಹಿಡಿಯ ಬೆನ್ನಿನ ನಡುಭಾಗದಲ್ಲಿದೆ. ತೆರೆಯುವುದು ಸಲೀಸು. ಮುಚ್ಚಲು ಹೋದರೆ ಹೆಬ್ಬೆರಳ ಉಗುರು ಬಿಳಚಿಕೊಳ್ಳುವಷ್ಟು ಒತ್ತಬೇಕು, ಒಂದೇ ಕೈಯಲ್ಲಿ ಆಗುವ ಮಾತೇ ಅಲ್ಲ.

ಹದಿನೈದು ವರ್ಷದ ಹಿಂದಿನ ಚರ್ಚೆಗಳಲ್ಲಿ ಇಂಥ ಬಿಗಿಯನ್ನು ಗಟ್ಟಿತನದ ಗುರುತು ಎಂದು ಹೊಗಳಿದ್ದಾರೆ. ಈಗಿನ ವಿಮರ್ಶೆಗಳಲ್ಲಿ ಅದನ್ನೇ ಕೊರತೆಯ ಪಟ್ಟಿಗೆ ಹಾಕುತ್ತಾರೆ. ಯಾರ ಮಾತು ನಂಬಬೇಕು? ಬಳಸುತ್ತಾ ಬಳಸುತ್ತಾ ಇದು ಸಡಿಲವಾಗುತ್ತದೆಯೇ, ಅಥವಾ ಏನಾದರೂ ಕೆಟ್ಟಿದೆಯೇ? ತಿಳಿದವರು ಹೇಳಿ.

ಪಿವಟ್_ಪಿನ್:

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಲಾಕ್ ಬಿಚ್ಚಲು ಬೇಕಾದ ಬಲ ಬೇರೆ, ಲಾಕ್ ತಡೆದುಕೊಳ್ಳುವ ಬಲ ಬೇರೆ. ಹಳಬರು ಇವೆರಡನ್ನೂ ಒಂದೇ ಅಂದುಕೊಂಡಿದ್ದರು, ಗೊಂದಲ ಹುಟ್ಟಿದ್ದೇ ಅಲ್ಲಿ. ಒಪಿನೆಲ್ ಚಾಕುವಿನ ವಿರೋಬ್ಲಾಕ್ ಉಂಗುರವನ್ನು ನೋಡಿ, 1955ರಿಂದ ಇದೆ. ಅದರಲ್ಲಿ ಒತ್ತಿ ಬಿಚ್ಚಬೇಕಾದ ಗಡುಸು ಸ್ಪ್ರಿಂಗ್ ಯಾವುದೂ ಇಲ್ಲ, ಎರಡು ಬೆರಳಲ್ಲಿ ತಿರುಗಿಸಿದರೆ ಮುಗಿಯಿತು. ಆದರೂ ಅಲಗು ಮಡಚಲು ಹೊರಟರೆ ಉಂಗುರದ ಉಕ್ಕೇ ಅಡ್ಡ ನಿಲ್ಲುತ್ತದೆ. ತಡೆಯುವುದು ಲೋಹದ ದಪ್ಪ ಮತ್ತು ಆಕಾರ. ಸ್ಪ್ರಿಂಗ್‌ನ ಕೆಲಸ ಲಾಕ್ ತನ್ನ ಜಾಗದಲ್ಲಿ ಕೂತಿರುವಂತೆ ನೋಡಿಕೊಳ್ಳುವುದು, ಅಷ್ಟೇ.

ಈಗ ನಿಮ್ಮ ಬ್ಯಾಕ್ ಲಾಕ್. ಹಿಡಿಯ ಬೆನ್ನಲ್ಲಿರುವ ಲಾಕ್ ಪಟ್ಟಿ ಒಂದು ಸನ್ನೆಗೋಲು. ನಡುವೆ ಪಿನ್, ಮುಂದಿನ ತುದಿಯಲ್ಲಿ ಕೊಕ್ಕೆ, ಹಿಂದಿನ ತುದಿಯ ಅಡಿಯಲ್ಲಿ ಸ್ಪ್ರಿಂಗ್. ಸ್ಪ್ರಿಂಗ್ ಹಿಂಬದಿಯನ್ನು ಮೇಲಕ್ಕೆ ತಳ್ಳುವುದರಿಂದ ಮುಂದಿನ ಕೊಕ್ಕೆ ಅಲಗಿನ ಬುಡದ ಕಚ್ಚಿನೊಳಗೆ ಇಳಿಯುತ್ತದೆ. ಪಿನ್‌ನಿಂದ 25 ಮಿ.ಮೀ. ದೂರದಲ್ಲಿ ಸ್ಪ್ರಿಂಗ್ 4 ಕೆಜಿ ಬಲ ಹಾಕುತ್ತಿದೆ ಅಂದುಕೊಳ್ಳಿ. ನೀವೂ 25 ಮಿ.ಮೀ. ದೂರದಲ್ಲೇ ಒತ್ತಿದರೆ 4 ಕೆಜಿ ಸಾಕು. 12.5 ಮಿ.ಮೀ.ಯಲ್ಲಿ ಒತ್ತಿದರೆ 8 ಕೆಜಿ ಬೇಕು. ಬಕ್ 110 ಮಾದರಿಯಲ್ಲಿ (1964) ಒತ್ತುವ ಜಾಗ ಹಿಡಿಯ ತೀರಾ ಹಿಂಬದಿಯಲ್ಲಿದೆ, ಸನ್ನೆ ಉದ್ದ. ನಿಮ್ಮದರಂತೆ ನಡುಬೆನ್ನಿನಲ್ಲಿ ಇದ್ದರೆ ಸನ್ನೆ ಗಿಡ್ಡ, ಅದೇ ಸ್ಪ್ರಿಂಗ್ ಹೆಬ್ಬೆರಳಿಗೆ ಹೆಚ್ಚು ಗಡುಸು ಅನಿಸುತ್ತದೆ. ಹಾಗಾಗಿ ತಗ್ಗಿನ ಮಧ್ಯಕ್ಕೆ ಒತ್ತುವುದನ್ನು ಬಿಟ್ಟು, ಪಟ್ಟಿ ಮುಗಿಯುವ ಹಿಂದಿನ ಅಂಚಿಗೆ ಹೆಬ್ಬೆರಳ ತುದಿ ಇಟ್ಟು ಒತ್ತಿ ನೋಡಿ. ಬಹಳಷ್ಟು ದೂರು ಇಲ್ಲೇ ಅರ್ಧಕ್ಕೆ ಇಳಿಯುತ್ತದೆ.

ಆಮೇಲೆ ಅಳೆಯಿರಿ. ಅಲಗಿನ ಹರಿತದ ಬದಿಗೆ ದಪ್ಪ ಟೇಪ್ ಸುತ್ತಿ. ಡಿಜಿಟಲ್ ತೂಕದ ಯಂತ್ರದ ಮೇಲೆ 6 ಮಿ.ಮೀ. ದಪ್ಪದ ಮರದ ಗೂಟ ನಿಲ್ಲಿಸಿ. ತೆರೆದ ಚಾಕುವನ್ನು ಬೆನ್ನು ಕೆಳಗಾಗಿ ಹಿಡಿದು ಲಾಕ್ ಪಟ್ಟಿಯನ್ನು ಆ ಗೂಟಕ್ಕೆ ಒತ್ತಿ. ಈ ಭಂಗಿಯಲ್ಲಿ ಲಾಕ್ ಬಿಟ್ಟರೂ ಅಲಗು ತನ್ನ ಭಾರಕ್ಕೆ ಮಡಚಿಕೊಳ್ಳುವುದಿಲ್ಲ. ಅಂಕಿ ಒಂದೇ ಸಮನೆ ಏರುತ್ತಾ ಹೋಗಿ ಲಾಕ್ ಬಿಟ್ಟರೆ ಅದು ಸ್ಪ್ರಿಂಗ್‌ನ ಬಿಗಿ. ಜೋರಾಗಿ ಏರಿ, ಟಕ್ ಎಂದು ಬಿಟ್ಟು, ಅಂಕಿ ಒಮ್ಮೆಗೇ ಬಿದ್ದರೆ ಕೊಕ್ಕೆ ಕಚ್ಚಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಎರಡಕ್ಕೂ ಮದ್ದು ಬೇರೆ.

ಸಿಕ್ಕಿಕೊಳ್ಳುವುದಾದರೆ ಬಳಕೆಯಿಂದ ಸಾಮಾನ್ಯವಾಗಿ ಸುಧಾರಿಸುತ್ತದೆ. ಕೊಕ್ಕೆಯ ಮೇಲಿನ ಕಪ್ಪು ಲೇಪ, ಯಂತ್ರದ ಗೆರೆಗಳು ಸವೆದು ನಯವಾಗುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿ, ಕಚ್ಚಿನೊಳಗಿನ ದೂಳು ತೆಗೆದು, ಒಣಗಿದ ಮೇಲೆ ಲಾಕ್ ಪಟ್ಟಿಯ ಪಿನ್‌ಗೆ ಒಂದು ಹನಿ ತೆಳು ಎಣ್ಣೆ, ಕೊಕ್ಕೆಗೆ ಸೂಜಿಮೊನೆಯಷ್ಟು ಗ್ರೀಸ್ ಹಾಕಿ. ಇನ್ನೂರು ಮುನ್ನೂರು ಸಲ ತೆರೆದು ಮುಚ್ಚಿ, ಮತ್ತೆ ಒರೆಸಿ. ಸ್ಪ್ರಿಂಗ್‌ನದೇ ಬಿಗಿಯಾದರೆ ಮಾತ್ರ ಬಳಕೆಯಿಂದ ದೊಡ್ಡ ಬದಲಾವಣೆ ನಿರೀಕ್ಷಿಸಬೇಡಿ. ಲಾಕ್ ಒತ್ತಿದ ಸ್ಥಿತಿಯಲ್ಲಿ ರಾತ್ರಿಯಿಡೀ ಇಟ್ಟರೆ ಸ್ಪ್ರಿಂಗ್ ಸಡಿಲವಾಗುತ್ತದೆ ಎಂಬ ಸಲಹೆ ಎಲ್ಲೆಡೆ ಓಡಾಡುತ್ತದೆ. ಹದ ಮಾಡಿದ ಉಕ್ಕು ಅದರ ಸ್ಥಿತಿಸ್ಥಾಪಕ ಮಿತಿಯೊಳಗೆ ಬಾಗಿದ್ದರೆ ಬಿಟ್ಟೊಡನೆ ಮೊದಲಿನ ಜಾಗಕ್ಕೇ ಬರುತ್ತದೆ. ಒಂದು ರಾತ್ರಿಯಲ್ಲಿ ಏನೂ ಆಗದು.

ಸಾಣೆಕಲ್ಲು:

ಪಿವಟ್_ಪಿನ್ ಅವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಅಭಿರುಚಿ ಯಾಕೆ ಬದಲಾಯಿತು ಅನ್ನುವುದನ್ನು ಸೇರಿಸುತ್ತೇನೆ.

2000ರ ದಶಕದಲ್ಲಿ ಚರ್ಚೆಯೆಲ್ಲ ಲಾಕ್ ಮುರಿಯುತ್ತದೆಯೇ ಎಂಬುದರ ಸುತ್ತಲೇ ಇತ್ತು. ಕೋಲ್ಡ್ ಸ್ಟೀಲ್ ಕಂಪನಿ ತೆರೆದ ಚಾಕುವಿಗೆ ಭಾರ ತೂಗಿಬಿಟ್ಟು ತೋರಿಸುವ ವಿಡಿಯೊ ಮಾಡುತ್ತಿತ್ತು. ಆಂಡ್ರ್ಯೂ ಡೆಮ್ಕೊ ವಿನ್ಯಾಸದ ಟ್ರೈ-ಆ್ಯಡ್ ಲಾಕ್ ಆ ಕಾಲದ ಬೇಡಿಕೆಗೆ ಒಳ್ಳೆಯ ಉತ್ತರ. ಅಲಗಿನ ಬುಡ ಮತ್ತು ಲಾಕ್ ಪಟ್ಟಿಯ ನಡುವೆ ಒಂದು ಸ್ಟಾಪ್ ಪಿನ್ ಇಟ್ಟು, ಹೊರೆ ಪಟ್ಟಿಯ ಸಣ್ಣ ಪಿನ್‌ಗೆ ಬೀಳದೆ ಹಿಡಿಗೆ ದಾಟುವಂತೆ ಮಾಡಿದರು. ಲಾಕ್ ಪಟ್ಟಿಯ ತೂತು ತುಸು ಉದ್ದನೆಯದು, ಹಾಗಾಗಿ ಸವೆದಂತೆ ಪಟ್ಟಿಯೇ ಸರಿದು ಕೂರುತ್ತದೆ. ಆ ಲಾಕ್ ಗಟ್ಟಿಯಾಗಿರುವುದು ಈ ಜೋಡಣೆಯಿಂದ. ಜೊತೆಗೆ ಸ್ಪ್ರಿಂಗ್ ಕೂಡ ಗಡುಸಾಗಿದ್ದರಿಂದ ಜನ ಎರಡನ್ನೂ ಗಂಟು ಹಾಕಿಬಿಟ್ಟರು.

ಅದೇ ಡೆಮ್ಕೊ ಆಮೇಲೆ ಶಾರ್ಕ್-ಲಾಕ್ ತಂದರು. ಬೆನ್ನಿನ ಮೇಲಿನ ರೆಕ್ಕೆಯಂಥ ತುಂಡನ್ನು ಹಿಂದಕ್ಕೆ ಎಳೆದರೆ ಅಲಗು ಬಿಡುತ್ತದೆ, ಒಂದೇ ಕೈ, ಬೆರಳು ಅಲಗಿನ ದಾರಿಯಿಂದ ಹೊರಗೆ. ಗಟ್ಟಿ ಲಾಕ್‌ಗೆ ಹೆಸರಾದವರೇ ಬಿಚ್ಚುವ ಸಲೀಸನ್ನು ಇಷ್ಟು ಮುಖ್ಯವಾಗಿ ತೆಗೆದುಕೊಂಡರು ಎನ್ನುವುದು ನನ್ನ ದೃಷ್ಟಿಯಲ್ಲಿ ಈ ಇಡೀ ಬದಲಾವಣೆಯ ಅತಿ ಸ್ಪಷ್ಟ ಗುರುತು. ಅದಕ್ಕೂ ಮೊದಲೇ ಬೆಂಚ್‌ಮೇಡ್ ಕಂಪನಿಯ ಆಕ್ಸಿಸ್ ಲಾಕ್ (ಅಡ್ಡಕಂಬಿಯನ್ನು ಹಿಂದಕ್ಕೆ ಎಳೆದು ಬಿಚ್ಚುವಂಥದ್ದು, 1990ರ ದಶಕದ ಕೊನೆ), ಸ್ಪೈಡರ್ಕೊ ಪ್ಯಾರಾ ಮಿಲಿಟರಿ 2ರಲ್ಲಿ (2010) ಮನೆಮಾತಾದ ಕಂಪ್ರೆಷನ್ ಲಾಕ್ (ಹಿಡಿಯ ಬೆನ್ನಿನ ಬದಿಯ ಪಟ್ಟಿಯನ್ನು ಬೆರಳಿಂದ ಸರಿಸಿ ಬಿಚ್ಚುವಂಥದ್ದು) ಜನರ ಕೈಗೆ ಸಲೀಸಿನ ರುಚಿ ಹತ್ತಿಸಿದ್ದವು. ಆಕ್ಸಿಸ್ ಪೇಟೆಂಟ್ ಅವಧಿ ಮುಗಿದ ಮೇಲೆ ಆ ಬಗೆಯ ಅಡ್ಡಕಂಬಿ ಲಾಕ್ ಹಲವು ಕಂಪನಿಗಳಲ್ಲಿ ಬಂತು. ಒಮ್ಮೆ ಇವನ್ನು ಬಳಸಿದವರಿಗೆ ಹೆಬ್ಬೆರಳಿಗೆ ನೋವು ಕೊಡುವ ಲಾಕ್ ಯಾಕೆ ಬೇಕು?

ಸುರಕ್ಷತೆಯ ಲೆಕ್ಕವೂ ಇದೆ. ಗಡುಸು ಲಾಕ್ ಮುಚ್ಚುವಾಗ ಎರಡೂ ಕೈ ಬೇಕಾಗುತ್ತದೆ, ಒತ್ತುತ್ತಾ ಒತ್ತುತ್ತಾ ಅದು ಒಮ್ಮೆಗೇ ಬಿಡುತ್ತದೆ, ಭಾರದ ಅಲಗು ಬೆರಳ ಮೇಲೆ ಬೀಳುತ್ತದೆ. ಕೈಗವಸು, ಚಳಿ, ಒದ್ದೆ ಕೈ, ಹೆಬ್ಬೆರಳ ಕೀಲುನೋವು ಇದ್ದರೆ ಇನ್ನೂ ಕಷ್ಟ. ಚಾಕು ಮುರಿಯುವ ಸಂದರ್ಭ ಅಪರೂಪ. ಮುಚ್ಚುವುದು ಬಳಸಿದಾಗಲೆಲ್ಲ ಮಾಡಬೇಕಾದ ಕೆಲಸ. ಅಷ್ಟು ಬಲ ಹಾಕುವ ಕೆಲಸವಿದ್ದರೆ ಮಡಚದ ಚಾಕುವನ್ನೇ ಹಿಡಿಯಬೇಕು.

ಹಳೆ_ಕಬ್ಬಿಣ:

ಸಡಿಲವೇ ಒಳ್ಳೆಯದು ಎಂಬ ಕಡೆಗೆ ಮಾತು ಪೂರ್ತಿ ವಾಲುವುದು ಬೇಡ. ಸ್ಪ್ರಿಂಗ್‌ನ ಬಿಗಿಗೆ ಎರಡು ನಿಜವಾದ ಉದ್ದೇಶ ಇವೆ.

ಒಂದು, ಕೊಕ್ಕೆಯನ್ನು ಪೂರ್ತಿ ಕೂರಿಸುವುದು. ಜೇಬಿನ ನೂಲು, ಮರದ ಪುಡಿ ಕಚ್ಚಿನಲ್ಲಿ ತುಂಬಿದ್ದರೆ ಸಡಿಲ ಸ್ಪ್ರಿಂಗ್ ಕೊಕ್ಕೆಯನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಕೈಗೆ ಲಾಕ್ ಆದಂತೆಯೇ ಅನಿಸುತ್ತದೆ, ಹೊರೆ ಬಿದ್ದಾಗ ಜಾರುತ್ತದೆ. ಬ್ಯಾಕ್ ಲಾಕ್ ಯಾವುದೇ ಇರಲಿ, ತೆರೆದ ಮೇಲೆ ಲಾಕ್ ಪಟ್ಟಿಯ ಹಿಂದಿನ ತುದಿ ಹಿಡಿಯ ಬೆನ್ನಿಗೆ ಸಮವಾಗಿದೆಯೇ ಎಂದು ಬೆರಳಾಡಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ತಗ್ಗಾಗಿಯೇ ಉಳಿದಿದ್ದರೆ ಕಚ್ಚಿನಲ್ಲಿ ಏನೋ ಇದೆ.

ಇನ್ನೊಂದು, ಬಿಗಿಯಾಗಿ ಹಿಡಿದಾಗ ಅಂಗೈ ತಾನಾಗಿ ಲಾಕ್ ಒತ್ತಿಬಿಡದಂತೆ ಕಾಯುವುದು. ಇದಕ್ಕೆ ಬಿಗಿಯೊಂದೇ ಉಪಾಯವಲ್ಲ. ಚಾಕು ತಯಾರಕ ಡೇವಿಡ್ ಬಾಯ್ ಅವರ ಹೆಸರಿನಲ್ಲೇ ಕರೆಯುವ ಬಾಯ್ ಡೆಂಟ್, ಅಂದರೆ ಲಾಕ್ ಪಟ್ಟಿಯ ತುದಿಯಲ್ಲಿ ಒಳಬಾಗಿದ ತಗ್ಗು, ಅಂಗೈ ಮುಟ್ಟದಂತೆ ಮಾಡುತ್ತದೆ. ಸ್ಪೈಡರ್ಕೊದ ಹಲವು ಬ್ಯಾಕ್ ಲಾಕ್‌ಗಳಲ್ಲಿ ಇದನ್ನು ಕಾಣಬಹುದು. ತಗ್ಗಿಲ್ಲದೆ ಪಟ್ಟಿ ಉಬ್ಬಿಕೊಂಡಿರುವ ಹಿಡಿಗಳಿಗೆ ಮಾತ್ರ ಗಡುಸು ಸ್ಪ್ರಿಂಗ್ ಬೇಕೇ ಬೇಕು.

ಬೆನ್ನನ್ನು ಮರದ ದಿಮ್ಮಿಗೆ ಬಡಿದು ಲಾಕ್ ಪರೀಕ್ಷಿಸುವ ಪದ್ಧತಿಯನ್ನೂ ದಯವಿಟ್ಟು ಬಿಡಿ. ಬಡಿತಕ್ಕೆ ಲೈನರ್ (ಕೆಲವು ಚಾಕುಗಳಲ್ಲಿ ಲಾಕ್ ಆಗಿ ಕೆಲಸ ಮಾಡುವ, ಹಿಡಿಯೊಳಗಿನ ಲೋಹದ ಪಟ್ಟಿ) ಪುಟಿದು ಒಳ್ಳೆಯ ಲಾಕ್ ಕೂಡ ಬಿಡಬಹುದು, ಪಿವಟ್ (ಅಲಗು ತಿರುಗುವ ಕೀಲು) ಮತ್ತು ಲಾಕ್ ಮುಖಕ್ಕೆ (ಲಾಕ್ ಅಲಗಿಗೆ ತಾಗುವ ಮೇಲ್ಮೈಗೆ) ಪೆಟ್ಟಾಗುತ್ತದೆ. ಹರಿತಕ್ಕೆ ಟೇಪ್ ಸುತ್ತಿ, ಬೆರಳುಗಳನ್ನು ಅಲಗಿನ ದಾರಿಯಿಂದ ಹೊರಗಿಟ್ಟು, ಬೆನ್ನನ್ನು ದಿಮ್ಮಿಗೆ ಆನಿಸಿ ನಿಧಾನವಾಗಿ ಭಾರ ಹೆಚ್ಚಿಸಿದರೆ ತಿಳಿಯಬೇಕಾದದ್ದು ತಿಳಿಯುತ್ತದೆ.

ಲೈನರ್_ಪಟ್ಟಿ:

ಬಿಗಿ ಅಂದಾಗ ಲೈನರ್ ಲಾಕ್, ಫ್ರೇಮ್ ಲಾಕ್ ಇರುವವರೂ ಇದೇ ಚರ್ಚೆ ಓದಿ ಇದೇ ಮದ್ದು ಮಾಡುತ್ತಾರೆ, ಅಲ್ಲಿ ಅಪಾಯ ಇದೆ. ಬ್ಯಾಕ್ ಲಾಕ್‌ನಲ್ಲಿ ಕೊಕ್ಕೆ ಅಡ್ಡ ಬಿದ್ದು ತಡೆಯುತ್ತದೆ, ಅದಕ್ಕೇ ಅಲ್ಲಿ ಗ್ರೀಸ್ ನಡೆಯುತ್ತದೆ. ಲೈನರ್ ಲಾಕ್‌ನಲ್ಲಿ ಹಿಡಿಯೊಳಗಿನ ಪಟ್ಟಿ, ಫ್ರೇಮ್ ಲಾಕ್‌ನಲ್ಲಿ ಹಿಡಿಯ ಭಾಗವೇ ಪಕ್ಕದಿಂದ ಸರಿದು ಅಲಗಿನ ಬುಡಕ್ಕೆ ಆನಿಕೊಳ್ಳುತ್ತದೆ, ನಿಂತಿರುವುದು ಬಹುಪಾಲು ಘರ್ಷಣೆಯ ಮೇಲೆ. ಅಲಗಿನ ಬುಡದ ಇಳಿಜಾರು ಸಾಮಾನ್ಯವಾಗಿ 7ರಿಂದ 10 ಡಿಗ್ರಿ. 8 ಡಿಗ್ರಿಯ ಟ್ಯಾನ್ ಬೆಲೆ 0.14. ಘರ್ಷಣಾಂಕ ಇದಕ್ಕಿಂತ ಹೆಚ್ಚಿದ್ದರೆ ಲೈನರ್ ಜಾರದು. ಒಣ ಲೋಹಗಳ ನಡುವೆ ಅದು 0.3 ಅಥವಾ ಮೇಲೆ ಇರುತ್ತದೆ, ಎಣ್ಣೆ ಬಿದ್ದರೆ 0.1ರಿಂದ 0.15ರ ಮಟ್ಟಕ್ಕೆ ಇಳಿಯಬಹುದು. ಅಂದರೆ ಬಿಗಿ ತಗ್ಗಿಸಲೆಂದು ಲಾಕ್ ಮುಖಕ್ಕೆ ಹಾಕಿದ ಎಣ್ಣೆಯೇ ಲಾಕ್ ಜಾರಲು ಕಾರಣವಾಗಬಲ್ಲದು. ಪಿವಟ್‌ಗೆ ಹಾಕಿದ ಎಣ್ಣೆ ಹರಿದು ಅಲ್ಲಿಗೆ ಬರುವುದೂ ಉಂಟು, ಆಲ್ಕೋಹಾಲ್‌ನಿಂದ ಒರೆಸಿ ತೆಗೆಯಬೇಕು.

ಇವುಗಳಲ್ಲಿ ಬಿಗಿ ಅನಿಸುವುದು ಹೆಚ್ಚಾಗಿ ಮುಖ ಅಂಟಿಕೊಳ್ಳುವುದರಿಂದ. ಟೈಟಾನಿಯಂ ಮೆದು, ಗಡುಸಾದ ಉಕ್ಕಿನ ಮೇಲೆ ಉಜ್ಜಿದಾಗ ಮೇಲ್ಮೈ ಕಿತ್ತು ಅಂಟಿ ಹಿಡಿದುಕೊಳ್ಳುತ್ತದೆ. ಅದಕ್ಕೇ ಈಗ ಲಾಕ್ ತುದಿಗೆ ಉಕ್ಕಿನ ತುಂಡು ಕೂರಿಸುತ್ತಾರೆ, ಕ್ರಿಸ್ ರೀವ್ ಅವರ ಸೆಬೆಂಜಾ 31 ಚಾಕುವಿನಲ್ಲಿ ಸೆರಾಮಿಕ್ ಗುಂಡು ಇದೆ. ಅಂಟುತ್ತಿದ್ದರೆ ಒಣ ಮುಖದ ಮೇಲೆ ಮೆದು ಪೆನ್ಸಿಲ್‌ನಿಂದ ತೆಳುವಾಗಿ ಒಂದೆರಡು ಗೆರೆ ಸವರಿ, ಮುಚ್ಚಿ ತೆರೆದು ನೋಡಿ. ಬಿಚ್ಚುವಾಗ ಅಲಗನ್ನು ಇನ್ನೂ ತೆರೆಯುವ ದಿಕ್ಕಿಗೆ ತುಸು ಒತ್ತಿ ಹಿಡಿದರೆ ಲಾಕ್ ಮುಖದ ಮೇಲಿನ ಹೊರೆ ಇಳಿದು ಲೈನರ್ ಸುಲಭವಾಗಿ ಸರಿಯುತ್ತದೆ. ಸಡಿಲವಾಗಲೆಂದು ಲೈನರ್ ಬಾಗಿಸಲು ಮಾತ್ರ ಹೋಗಬೇಡಿ. ಮುಚ್ಚಿದ ಅಲಗನ್ನು ಹಿಡಿದಿಡುವ ಡಿಟೆಂಟ್ ಗುಂಡಿಗೂ ಅದೇ ಬಲ ಬೇಕು, ಅದು ತಗ್ಗಿದರೆ ಜೇಬಿನಲ್ಲೇ ಅಲಗು ತೆರೆದುಕೊಳ್ಳಬಹುದು.

ಹೊಸ_ಅಲಗು:

ಎಲ್ಲರಿಗೂ ಧನ್ಯವಾದ. ಅಳೆದೆ. ಹಿಂದಿನ ಅಂಚಿನಲ್ಲಿ 5 ಕೆಜಿ, ತಗ್ಗಿನ ಮುಂಭಾಗದಲ್ಲಿ 8 ಕೆಜಿ ತೋರಿಸುತ್ತದೆ. ಅಂಕಿ ಸಮವಾಗಿ ಏರುತ್ತದೆ, ಸಿಕ್ಕಿಕೊಳ್ಳುವ ಲಕ್ಷಣ ಇಲ್ಲ. ಹಾಗಾದರೆ ಸ್ಪ್ರಿಂಗ್ ಅನ್ನೇ ಸ್ವಲ್ಪ ಅರದಿಂದ ಉಜ್ಜಿ ತೆಳುವಾಗಿಸಬಹುದೇ? ಹಿಡಿ ಟಾರ್ಕ್ಸ್ (ತಲೆಯಲ್ಲಿ ನಕ್ಷತ್ರಾಕಾರದ ತೂತಿರುವ) ಸ್ಕ್ರೂಗಳಿಂದ ಜೋಡಿಸಿದ್ದು, ಬಿಚ್ಚಬಹುದು.

ಪಿವಟ್_ಪಿನ್:

ಈ ಅಂಕಿಗಳ ಪ್ರಕಾರ ಚಾಕು ಸರಿಯಾಗಿಯೇ ಇದೆ. 5 ಮತ್ತು 8ರ ನಡುವಿನ ವ್ಯತ್ಯಾಸ ಸನ್ನೆಯ ಉದ್ದದ್ದು.

ಸ್ಪ್ರಿಂಗ್ ಉಜ್ಜುವುದು ಬೇಡ ಎನ್ನುತ್ತೇನೆ, ಕಾರಣ ಕೇಳಿ. ಪಟ್ಟಿ ಸ್ಪ್ರಿಂಗ್‌ನ ಬಲ ದಪ್ಪದ ಘನಕ್ಕೆ ಅನುಪಾತ. 2 ಮಿ.ಮೀ. ಇದ್ದದ್ದು 1.8 ಆದರೆ ಉಳಿಯುವುದು ಶೇ. 73. 1.6 ಆದರೆ ಶೇ. 51. ಕೈ ಅರದಲ್ಲಿ 0.2 ಮಿ.ಮೀ. ತಪ್ಪುವುದು ಸುಲಭ, ತಪ್ಪಿದರೆ ಮರಳಿ ಸೇರಿಸಲಾಗದು. ಅಡ್ಡಕ್ಕೆ ಬಿದ್ದ ಅರದ ಗೆರೆಗಳಿಂದಲೇ ಸ್ಪ್ರಿಂಗ್ ಬಿರುಕು ಬಿಡಲು ಶುರುವಾಗುತ್ತದೆ. ಜೊತೆಗೆ ಬ್ಯಾಕ್ ಲಾಕ್‌ನಲ್ಲಿ ಮುಚ್ಚಿದ ಅಲಗನ್ನು ಒಳಗೆ ಎಳೆದು ಹಿಡಿಯುವುದೂ ಇದೇ ಸ್ಪ್ರಿಂಗ್.

ಮಾಡಬಹುದಾದದ್ದು ಬೇರೆ ಇದೆ. ಒತ್ತುವ ಹಿಂದಿನ ಅಂಚು ಚೂಪಾಗಿದ್ದರೆ ಅದರ ಮೂಲೆಯನ್ನು ಮಾತ್ರ 600, ಆಮೇಲೆ 1000ದ ಮರಳು ಕಾಗದದಿಂದ ದುಂಡಾಗಿಸಿ. ಬಲ ಅಷ್ಟೇ ಇರುತ್ತದೆ, ಹೆಬ್ಬೆರಳಿಗೆ ಕೊರೆಯುವುದು ನಿಲ್ಲುತ್ತದೆ. ಇದಕ್ಕೆ ಚಾಕು ಬಿಚ್ಚಬೇಕಿಲ್ಲ, ಪುಡಿ ಒಳಹೋಗದಂತೆ ಸುತ್ತ ಟೇಪ್ ಹಚ್ಚಿ. ಹೇಗೂ ಬಿಚ್ಚುವುದಾದರೆ ಸ್ಕ್ರೂಗೆ ಸರಿಯಾಗಿ ಕೂರುವ ಬಿಟ್ ಬಳಸಿ, ಸಾಮಾನ್ಯವಾಗಿ ಟಿ6 ಅಥವಾ ಟಿ8. ತಿರುಗದಿದ್ದರೆ ಒತ್ತಾಯ ಬೇಡ, ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು) ಇರುತ್ತದೆ, ಬಿಸಿಯಾದ ಸೋಲ್ಡರಿಂಗ್ ಐರನ್‌ನ ತುದಿಯನ್ನು ಸ್ಕ್ರೂ ತಲೆಗೆ ಅರ್ಧ ನಿಮಿಷ ಮುಟ್ಟಿಸಿ ಬಿಸಿ ಮಾಡಿದರೆ ಬಿಡುತ್ತದೆ. ಮರಳಿ ಜೋಡಿಸುವಾಗ ಸ್ಪ್ರಿಂಗ್ ಒತ್ತಿ ಹಿಡಿದು ಪಿನ್ ತೂರಿಸಬೇಕು, ಅದಕ್ಕೆ ಮೆದು ದವಡೆಯ ವೈಸ್ ಇಲ್ಲದಿದ್ದರೆ ಬಿಚ್ಚದಿರುವುದೇ ಲೇಸು.

ಸಾಣೆಕಲ್ಲು:

ಮುಚ್ಚುವ ಕ್ರಮವನ್ನೂ ಬದಲಿಸಿ ನೋಡಿ. ಹೆಬ್ಬೆರಳು ಲಾಕ್ ಮೇಲೆ, ಇನ್ನೊಂದು ಕೈಯಿಂದ ಅಲಗಿನ ಬೆನ್ನನ್ನು ಹಿಡಿದು 20 ಡಿಗ್ರಿಯಷ್ಟು ಮಡಚಿ. ಅಷ್ಟಾದ ಮೇಲೆ ಕೊಕ್ಕೆ ಕಚ್ಚಿನಿಂದ ಹೊರಗಿರುತ್ತದೆ, ಲಾಕ್ ಒತ್ತುವ ಅಗತ್ಯ ಮುಗಿಯಿತು. ಹೆಬ್ಬೆರಳು ತೆಗೆದು, ಹಿಡಿಯ ಒಳಬದಿಯ ಬೆರಳುಗಳನ್ನೂ ಸರಿಸಿ, ಬೆನ್ನಿನ ಮೇಲೆ ಅಂಗೈಯಿಟ್ಟು ಉಳಿದದ್ದನ್ನು ಮುಚ್ಚಿ.