ಭಾನುವಾರದ ಪ್ರಶ್ನೋತ್ತರ: ಕೊಲೊನೋಸ್ಕೋಪಿಯಲ್ಲಿ ಕಂಡ ಹುಣ್ಣು, ಗಡ್ಡೆ

ಶಿರಸಿ ಸದಸ್ಯೆ: ಸರ್, ಅಪ್ಪನಿಗೆ 61. ತೋಟದ ಏರು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 7.2. ಆರು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗ್ತಿದ್ದಾರೆ. ಮಲದಲ್ಲಿ ರಕ್ತ ಕಂಡಿಲ್ಲ. ಬಾಯಿಂದ ಹಾಕಿದ ಎಂಡೋಸ್ಕೋಪಿ ನಾರ್ಮಲ್. ಇನ್ನೂ ಕೊಲೊನೋಸ್ಕೋಪಿ, ಅಂದ್ರೆ ಹಿಂದಿನಿಂದ ಕ್ಯಾಮೆರಾ ಹಾಕಿ ದೊಡ್ಡ ಕರುಳು ನೋಡೋದು, ಬೇಕಾ?

ಡಾಕ್ಟರ್: ಬೇಕು, ತಡ ಮಾಡ್ಬೇಡಿ. ಅರವತ್ತು ದಾಟಿದ ಗಂಡಸಿಗೆ ಕಬ್ಬಿಣದ ಕೊರತೆ ಸುಮ್ಮನೆ ಬರಲ್ಲ, ಹೆಚ್ಚಾಗಿ ಎಲ್ಲೋ ರಕ್ತ ಸೋರ್ತಾ ಇರುತ್ತೆ. ಬಾಯಿಂದ ಹಾಕಿದ ಟ್ಯೂಬು ಜಠರ ದಾಟಿ ಸ್ವಲ್ಪ ದೂರ ಹೋಗುತ್ತೆ ಅಷ್ಟೆ. ಸುಮಾರು ಒಂದೂವರೆ ಮೀಟರ್ ದೊಡ್ಡ ಕರುಳನ್ನ ಯಾರೂ ನೋಡೇ ಇಲ್ಲ. ನನಗೆ ಚಿಂತೆ ಅದರ ಬಲಭಾಗದ್ದು. ಅಲ್ಲಿ ಕರುಳು ಅಗಲ, ಮಲ ಇನ್ನೂ ನೀರುನೀರು. ಗಡ್ಡೆ ಹೂಕೋಸಿನ ಹಾಗೆ ಒಳಕ್ಕೆ ಬೆಳೆದರೂ ಎಷ್ಟೋ ದಿನ ದಾರಿ ಕಟ್ಟಲ್ಲ, ನೋವೂ ಕೊಡಲ್ಲ. ದಿನಾ ಜಿನುಗೋ ರಕ್ತ ಮಲದಲ್ಲಿ ಕಲೆತು ಕಣ್ಣಿಗೆ ಬೀಳಲ್ಲ. ಎಡಭಾಗದ ಗಡ್ಡೆ ಹಾಗಲ್ಲ, ಬಳೆಯಂತೆ ಸುತ್ತಿ ಬಿಗಿಯುತ್ತೆ. ಮಲಬದ್ಧತೆ, ರಕ್ತ ಕಂಡು ಜನ ಬೇಗ ಬರ್ತಾರೆ. ಬಲಭಾಗದವರು ಬರೋದು ಬರೀ ಸುಸ್ತು ಅಂತ. ಕ್ಯಾನ್ಸರೇ ಅಂತ ಹೇಳ್ತಿಲ್ಲ, ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯೋ ಸಣ್ಣ ಗಂಟು) ಇರಬಹುದು, ಹಿಗ್ಗಿದ ರಕ್ತನಾಳ ಇರಬಹುದು. ಆದರೆ ಕ್ಯಾಮೆರಾ ಸೀಕಂವರೆಗೆ, ಅಂದ್ರೆ ದೊಡ್ಡ ಕರುಳು ಶುರುವಾಗೋ ಬಲಭಾಗದ ತುದಿವರೆಗೆ, ಹೋಯ್ತು ಅಂತ ರಿಪೋರ್ಟಲ್ಲಿ ಬರೆದಿರಬೇಕು. ಅರ್ಧಕ್ಕೆ ನಿಲ್ಲಿಸಿದ್ದರೆ ಮತ್ತೆ ಮಾಡಿಸಿ.

ಮಂಡ್ಯ ಸದಸ್ಯ: ಮಲದಲ್ಲಿ ರಕ್ತ ಬರ್ತಿದೆ. ಪೈಲ್ಸ್ ತಾನೆ?

ಡಾಕ್ಟರ್: ನೋಡದೆ ಹೇಳಲ್ಲ. ತೋರಿಸಿ.

ದಾವಣಗೆರೆ ಸದಸ್ಯ: ನಂಗೂ ರಕ್ತ ಬರುತ್ತೆ ಸರ್, ಪೈಲ್ಸಾ?

ಡಾಕ್ಟರ್: ಮೇಲೆ ಓದಿ.

ತುಮಕೂರು ಸದಸ್ಯ: ಬಂದದ್ದು ಕಳಿಸಿದ್ದೇನೆ: ಹರಳೆಣ್ಣೆ, ಮೂಲಂಗಿ ರಸ 21 ದಿನ ಕುಡಿದರೆ ಪಾಲಿಪ್ ಉದುರಿ ಹೋಗುತ್ತೆ.

ಡಾಕ್ಟರ್: ಉದುರಲ್ಲ. ಪಾಲಿಪ್ ಅಂದರೆ ಕರುಳಿನ ಒಳಪದರವೇ ಬೆಳೆದದ್ದು. ತಂತಿಯ ಕುಣಿಕೆ ಹಾಕಿ ತೆಗೀಬೇಕು. ಅಡಿನೋಮಾ ಅನ್ನೋ ಜಾತಿಯ ಪಾಲಿಪ್ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ ಸುಮಾರು 10 ವರ್ಷ ಹಿಡಿಯುತ್ತೆ, ಆ ಅವಕಾಶವನ್ನ ಎಣ್ಣೆ ಕುಡಿದು ಕಳೀಬೇಡಿ. ಕರುಳು ಕಿರಿದಾಗಿರೋರು ಭೇದಿಗೆ ತಗೊಂಡ್ರೆ ಹೊಟ್ಟೆ ಉಬ್ಬಿ ರಾತ್ರೋರಾತ್ರಿ ಆಪರೇಷನ್ ಆಗಬಹುದು. ಈ ಮೆಸೇಜ್ ಮೂರನೇ ಸಲ. ಅಡ್ಮಿನ್, ತೆಗೀರಿ.

ತುಮಕೂರು ಸದಸ್ಯ: ನಮ್ಮಜ್ಜಿ ಹರಳೆಣ್ಣೆ ಕುಡಿದೇ 92 ವರ್ಷ ಬದುಕಿದ್ರು.

ಹುಬ್ಬಳ್ಳಿ ಸದಸ್ಯೆ: ಅಜ್ಜಿಗೆ ಪಾಲಿಪ್ ಇತ್ತೇನ್ರಿ? ನಮ್ಮತ್ತಿ ಇಂಥಾವು ಕೇಳಿ ಒಂದು ವರ್ಷ ಕಳದ್ರು. ಈಗ ಹೊಟ್ಟಿಗೆ ಮಲದ ಚೀಲ ಕಟ್ಕೊಂಡು ಅಡ್ಡಾಡ್ತಾರ.

ಮಂಗಳೂರು ಸದಸ್ಯ: ಕರುಳಿನ ಕ್ಯಾನ್ಸರ್ ಮಾಂಸ ತಿನ್ನುವವರಿಗೆ ಮಾತ್ರ ಬರುವುದು.

ಹುಬ್ಬಳ್ಳಿ ಸದಸ್ಯೆ: ನಮ್ಮತ್ತಿ ತತ್ತಿನೂ ಮುಟ್ಟಿದಾಕಿ ಅಲ್ಲ. ಗೊತ್ತಿಲ್ಲಂದ್ರ ಸುಮ್ಮನಿರ್ರಿ.

ತುಮಕೂರು ಸದಸ್ಯ: ಆಯುರ್ವೇದ ಅಂದ್ರೆ ನಿಮಗೆಲ್ಲ ಉರಿ.

ಅಡ್ಮಿನ್: ಜಗಳ ಸಾಕು. ಇನ್ನೊಂದು ಮಾತಾಡಿದರೆ ಇಬ್ಬರನ್ನೂ ತೆಗೀತೀನಿ.

ರಾಯಚೂರು ಸದಸ್ಯ: ತಮ್ಮಗ 26. ಸಣ್ಣ ಕರುಳು ದೊಡ್ಡ ಕರುಳು ಕೂಡೋ ಜಾಗದಾಗ ಹುಣ್ಣು. ಒಬ್ರು ಟಿಬಿ ಅಂತಾರ, ಒಬ್ರು ಕ್ರೋನ್ಸ್ ಅಂತಾರ.

ಡಾಕ್ಟರ್: ನಮ್ಮ ದೇಶದಲ್ಲಿ ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಕ್ರೋನ್ಸ್ ಅಂದರೆ ಕರುಳಿನಲ್ಲಿ ವರ್ಷಗಟ್ಟಲೆ ಉಳಿಯೋ ಉರಿಯೂತ. ಹುಣ್ಣು ಕರುಳಿಗೆ ಅಡ್ಡಲಾಗಿದ್ದು ಎರಡು ಕರುಳು ಕೂಡೋ ಕಡೆಯ ಕವಾಟ ಬಾಯ್ಬಿಟ್ಟಿದ್ದರೆ ಟಿಬಿ ಕಡೆ ವಾಲುತ್ತೆ. ಉದ್ದುದ್ದ ಹುಣ್ಣು, ನಡುನಡುವೆ ಚೆನ್ನಾಗಿರೋ ಕರುಳು ಕಂಡರೆ ಕ್ರೋನ್ಸ್. ಬಯಾಪ್ಸಿಯಲ್ಲೂ (ಹುಣ್ಣಿನ ಚೂರು ತೆಗೆದು ಮಾಡೋ ಪರೀಕ್ಷೆ) ತೀರ್ಮಾನ ಆಗದಿದ್ದರೆ ಟಿಬಿ ಔಷಧಿ ಶುರು ಮಾಡಿ ಎರಡು ಮೂರು ತಿಂಗಳಿಗೆ ಮತ್ತೆ ಒಳಗೆ ನೋಡ್ತಾರೆ. ಟಿಬಿ ಆಗಿದ್ದರೆ ಹುಣ್ಣು ಮಾಯ್ತಾ ಬಂದಿರುತ್ತೆ. ಅಲ್ಲಿವರೆಗೆ ಯಾರದೋ ಮಾತು ಕೇಳಿ ಕ್ರೋನ್ಸ್‌ಗೆ ಕೊಡೋ ಸ್ಟೀರಾಯ್ಡ್ ನುಂಗಿಸಬೇಡಿ. ಟಿಬಿ ಇದ್ದರೆ ಹರಡುತ್ತೆ.

ಮಂಡ್ಯ ಸದಸ್ಯ: ನನ್ನ ಪೈಲ್ಸ್ ಬಗ್ಗೆ ಹೇಳ್ಲೇ ಇಲ್ಲ.

ಡಾಕ್ಟರ್: ಹೇಳಿದೀನಿ.

ಶಿರಸಿ ಸದಸ್ಯೆ: ಸರ್, ಅಪ್ಪನ ಕೊಲೊನೋಸ್ಕೋಪಿಗೆ ಮುಂದಿನ ಶನಿವಾರ ಡೇಟ್ ಸಿಕ್ತು. ಮಾತ್ರೆ ಮುಂದುವರಿಸಬೇಕಾ?

ಡಾಕ್ಟರ್: ಕಬ್ಬಿಣದ್ದು ಇವತ್ತೇ ನಿಲ್ಲಿಸಿ. ಮಲ ಕಪ್ಪಾಗಿ ಕರುಳಿನ ಗೋಡೆಗೆ ಮೆತ್ತಿಕೊಂಡರೆ ಏನೂ ಕಾಣಲ್ಲ. ರಕ್ತ ತೆಳು ಮಾಡೋ ಮಾತ್ರೆ ಇದ್ದರೆ ಅದನ್ನ ನೀವಾಗೇ ನಿಲ್ಲಿಸಬೇಡಿ, ಕೊಲೊನೋಸ್ಕೋಪಿ ಮಾಡೋ ಕಡೆ ಕೇಳಿ. ರಿಪೋರ್ಟ್ ಬಂದ ದಿನವೇ ನನಗೆ ಕಳಿಸಿ.