‘ಡಾಕ್ಟರ್ ಓದು ನಮ್ಮಂಥವರಿಗಲ್ಲ’ ಎನ್ನುವ ಮಕ್ಕಳು: ಓದುಗರ ಸ್ಪಂದನ

(ಪ್ರೌಢಶಾಲೆಯ ಜೀವಶಾಸ್ತ್ರ ಶಿಕ್ಷಕಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಅಳಲು ತೋಡಿಕೊಂಡಿದ್ದರು. ಅವರ ತರಗತಿಯಲ್ಲಿ ಹಲವು ಮನೆಮಾತುಗಳ, ಹಲವು ಸಮುದಾಯಗಳ ಮಕ್ಕಳಿದ್ದಾರೆ. ಚೆನ್ನಾಗಿ ಓದುತ್ತಾರೆ. ವೈದ್ಯಕೀಯದ ಮಾತೆತ್ತಿದರೆ ಮಾತ್ರ ‘ಅದು ನಮ್ಮಂಥವರಿಗಲ್ಲ’ ಎಂದುಬಿಡುತ್ತಾರೆ. ಆಯ್ದ ಉತ್ತರಗಳು ಇಲ್ಲಿವೆ.)

ಮೇಡಂ, ಭಾಷಣದಿಂದ ಮಕ್ಕಳ ಅಳುಕು ಹೋಗುವುದಿಲ್ಲ, ಕೈಗೆ ಕೆಲಸ ಸಿಕ್ಕರೆ ಹೋಗುತ್ತದೆ. ನಾಡಿ ಹಿಡಿಯುವುದರಿಂದಲೇ ಶುರು ಮಾಡಿ. ಹೆಬ್ಬೆರಳಿನಲ್ಲಿ ನಮ್ಮದೇ ಮಿಡಿತ ತಿಳಿಯುವುದರಿಂದ ಅದನ್ನು ಬಳಸಬಾರದು. ತೋರುಬೆರಳು, ನಡುಬೆರಳುಗಳನ್ನು ಗೆಳೆಯನ ಮಣಿಕಟ್ಟಿನ ಮೇಲೆ, ಅವನ ಹೆಬ್ಬೆರಳಿನ ಬುಡದ ಕಡೆಗೆ ಹಗುರವಾಗಿ ಇಟ್ಟು ಕಾಯಬೇಕು. ಜೋರಾಗಿ ಒತ್ತಿದರೆ ಮಿಡಿತ ಸಿಗದು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಲಿ. ಕುಳಿತಾಗ ಎಷ್ಟಿತ್ತು, ಮೆಟ್ಟಿಲು ಹತ್ತಿಳಿದ ಮೇಲೆ ಎಷ್ಟಾಯಿತು, ಎಷ್ಟು ಹೊತ್ತಿಗೆ ಮೊದಲಿನಂತಾಯಿತು ಎಂದು ಬರೆದಿಡಲಿ. ಸಾಧ್ಯವಾದರೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ವಿಧಾನ) ತರಬೇತಿಯ ಬೊಂಬೆಯನ್ನೂ ತರಿಸಿ. ನಿಮಿಷಕ್ಕೆ 100ರಿಂದ 120 ಸಲ, ಎದೆ 5 ಸೆಂಟಿಮೀಟರಿನಷ್ಟು ತಗ್ಗುವಂತೆ ಒತ್ತುವಾಗ ಬೆವರು ಕಿತ್ತುಬರುತ್ತದೆ. ತರಗತಿಯಲ್ಲಿ ಬಾಯಿಬಿಡದ ಮಕ್ಕಳು ಅಲ್ಲಿ ಮುಂದೆ ನುಗ್ಗಿ ಬರುವುದನ್ನು ನಾನು ಕಂಡಿದ್ದೇನೆ.

ಇನ್ನೊಂದು ಮಾತು. ಈ ಮಕ್ಕಳು ವೈದ್ಯಕೀಯಕ್ಕೆ ಬಂದರೆ ಲಾಭ ಅವರಿಗಷ್ಟೇ ಅಲ್ಲ. ಬಿಳಿ ಚರ್ಮದಲ್ಲಿ ಕೆಂಪಗೆ ಕಾಣುವ ದದ್ದು ಕಪ್ಪು ಚರ್ಮದಲ್ಲಿ ನೇರಳೆಯಾಗಿ, ಕಂದಾಗಿ ಕಾಣಬಹುದು. ಕೆಂಪನ್ನೇ ಹುಡುಕುವವರಿಗೆ ಅದು ತಪ್ಪಿಹೋಗುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು ಚರ್ಮದವರ ರಕ್ತದಲ್ಲಿನ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸಬಹುದೆಂಬ ಸಂಗತಿ, 2020ರಲ್ಲಿ ಅಮೆರಿಕದ ಅಧ್ಯಯನವೊಂದು ಪ್ರಕಟವಾದ ಮೇಲಷ್ಟೇ ಎಲ್ಲರ ಗಮನ ಸೆಳೆಯಿತು. ಇಂಥವನ್ನು ಮೊದಲೇ ಗುರುತಿಸುವ ಕಣ್ಣುಗಳು ನಮಗೆ ಬೇಕು. ಉಪಕಾರ ಮಾಡುವ ದನಿಯಲ್ಲಿ ಕರೆಯಬೇಡಿ, ‘ನೀವಿಲ್ಲದೆ ನಮಗಾಗುವುದಿಲ್ಲ’ ಎಂದೇ ಹೇಳಿ. ಅದು ನಿಜ ಕೂಡ.
— ಒಬ್ಬ ವೈದ್ಯೆ

‘ವೈದ್ಯಕೀಯ’ ಎಂದೊಡನೆ ಎಲ್ಲರೂ ಡಾಕ್ಟರ ಹುದ್ದೆಯನ್ನೇ ನೋಡುತ್ತಾರೆ. ಶುಶ್ರೂಷೆ, ಪ್ರಯೋಗಾಲಯ, ಎಕ್ಸ್-ರೇ, ಫಿಸಿಯೋಥೆರಪಿ, ಔಷಧಶಾಸ್ತ್ರಗಳ ಬಗ್ಗೆಯೂ ಹೇಳಿ. ಆದರೆ ಬಡ ಮಕ್ಕಳಿಗೆ ಇವಿಷ್ಟೇ ಸಾಕು ಎಂಬ ಧಾಟಿ ದಯವಿಟ್ಟು ಬೇಡ. ಅಮೆರಿಕದ ಕಪ್ಪು ಯುವಕ ವಿವಿಯನ್ ಥಾಮಸ್ ವೈದ್ಯನಾಗಲು ಕೂಡಿಟ್ಟ ಹಣ ಮಹಾ ಆರ್ಥಿಕ ಕುಸಿತದಲ್ಲಿ ಬ್ಯಾಂಕಿನೊಂದಿಗೇ ಮುಳುಗಿತು. ಪ್ರಯೋಗಾಲಯದ ಸಹಾಯಕನಾಗಿ ದುಡಿದ ಆತನೇ ಹುಟ್ಟಿನಿಂದ ಹೃದಯದೋಷವಿದ್ದು ಮೈ ನೀಲಿಗಟ್ಟುವ ಮಕ್ಕಳ ಶಸ್ತ್ರಚಿಕಿತ್ಸೆಯನ್ನು ನಾಯಿಗಳ ಮೇಲೆ ಪ್ರಯೋಗಿಸಿ ರೂಪಿಸಿದ. 1944ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಅದು ಮೊದಲ ಸಲ ನಡೆದಾಗ ಸರ್ಜನ್ ಬ್ಲೇಲಾಕ್ ಅವರ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು ಹೆಜ್ಜೆ ಹೆಜ್ಜೆಗೂ ಸಲಹೆ ಕೊಟ್ಟವನೂ ಅವನೇ. ಗೌರವ ಡಾಕ್ಟರೇಟ್ ಸಿಕ್ಕಿದ್ದು 1976ರಲ್ಲಿ. ಅವನ ಕೌಶಲವನ್ನು ಮಕ್ಕಳಿಗೆ ಹೇಳುವಾಗ ಅವನಿಗಾದ ಅನ್ಯಾಯವನ್ನೂ ಮುಚ್ಚಿಡದೆ ಹೇಳಿ.
— ಪ್ರಯೋಗಾಲಯ ತಂತ್ರಜ್ಞ

1885ರ ಒಂದು ಛಾಯಾಚಿತ್ರವಿದೆ, ಗೋಡೆಗೆ ಹಾಕಿ. ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಮೂವರು ವಿದ್ಯಾರ್ಥಿನಿಯರು: ಭಾರತದ ಆನಂದಿಬಾಯಿ ಜೋಶಿ, ಜಪಾನಿನ ಕೆಯ್ ಒಕಾಮಿ, ಸಿರಿಯಾದ ಸಬಾತ್ ಇಸ್ಲಾಂಬೂಲಿ. ಮೂವರೂ ತಮ್ಮ ತಮ್ಮ ನಾಡಿನ ಉಡುಗೆಯಲ್ಲೇ ಇದ್ದಾರೆ.
— ಇತಿಹಾಸ ಶಿಕ್ಷಕ

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಆಸ್ಪತ್ರೆಗೆ ಹೋಗಿ ಅವಳ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ಅವಳಿಗೆ ದಾಟಿಸುತ್ತಿದ್ದೆ. ಮಗುವಿನ ಹೆಗಲಿಗೆ ಹಾಕಬಾರದ ಭಾರವದು. ಆದರೂ ನೋವು ಎಲ್ಲಿ, ಎಂದಿನಿಂದ, ಯಾವಾಗ ಹೆಚ್ಚು ಎಂದು ಕೇಳುವುದನ್ನು ಕಲಿತದ್ದು ಅಲ್ಲೇ. ನಿಮ್ಮ ತರಗತಿಯಲ್ಲೂ ಅಂಥವರಿರಬಹುದು. ನನಗೆ ಬುದ್ಧಿಗಿಂತ ಮಾಹಿತಿಯ ಕೊರತೆ ಹೆಚ್ಚು ಕಾಡಿತು. ಯಾವ ವಿಷಯ ಬಿಟ್ಟರೆ ದಾರಿ ಮುಚ್ಚುತ್ತದೆ, ಅರ್ಜಿ ಯಾವಾಗ, ವಿದ್ಯಾರ್ಥಿವೇತನ ಎಲ್ಲಿ ಎಂಬುದನ್ನು ಮನೆಯಲ್ಲಿ ಹೇಳುವವರಿರಲಿಲ್ಲ. ಅಪ್ಪ ಅಮ್ಮಂದಿರನ್ನೂ ಕೂರಿಸಿಕೊಂಡು, ಅವರ ಮಾತಿನಲ್ಲೇ ಇದನ್ನೆಲ್ಲ ವಿವರಿಸಿ. ನಿಮ್ಮ ವಿದ್ಯಾರ್ಥಿಗಳು ಪ್ರಶ್ನೆಗಳನ್ನು ಈ ಪತ್ರಿಕೆಗೆ ಕಳುಹಿಸಿದರೆ ಒಂದೊಂದಕ್ಕೂ ಉತ್ತರ ಬರೆಯುತ್ತೇನೆ.
— ವೈದ್ಯಕೀಯ ವಿದ್ಯಾರ್ಥಿನಿ